ಎಲೆಕುದುರೆ ದಿಣ್ಣೆ

ಹುರುಳಿಗುಡ್ಡದ ಕೋಟೆ ನೋಡಲು ಬರುವವರು ಬಸ್ಸಿಳಿದು ಕೆರೆ ಏರಿಯ ಮೇಲೆ ನಡೆದರೆ, ತೂಬು ದಾಟಿದ ಮೇಲೆ ಎಡಗಡೆಗೆ ಒಂದು ದಿಣ್ಣೆ ಸಿಗುತ್ತದೆ. ದಿಣ್ಣೆ ಎನ್ನುವುದು ಊರಿನವರ ದೊಡ್ಡ ಮನಸ್ಸು. ಬೇರೆ ಊರಾಗಿದ್ದರೆ ಮಣ್ಣುಗುಡ್ಡೆ ಎಂದು ಸುಮ್ಮನಾಗುತ್ತಿದ್ದರು. ಆದರೆ ಬೆಳಗಿನ ಬಿಸಿಲು ಊರಿಗೆಲ್ಲ ಮೊದಲು ಬೀಳುವುದು ಅದರ ಮೇಲೆ. ನೆತ್ತಿಯಲ್ಲಿ ಎದೆಯೆತ್ತರದ ಒಂದು ಕಲ್ಲು ನಿಂತಿದೆ. ಕಲ್ಲಿನಲ್ಲಿ ಮುಂಗಾಲೊಂದನ್ನು ಮಡಿಸಿಕೊಂಡ ಕುದುರೆ, ಅದರ ತಲೆಗೆ ಪೇಟ, ಬಾಯಲ್ಲಿ ಎಲೆ. ಪಕ್ಕದಲ್ಲಿ ಒಬ್ಬ ಮೀಸೆಯ ಗಂಡಸು ನೆಲಕ್ಕೆ ಕೂತಿದ್ದಾನೆ. ಅವನ ಒಂದು ಕೆನ್ನೆ ಬಾತುಕೊಂಡಂತೆ ಉಬ್ಬಿದೆ. ಆ ಕೆನ್ನೆಯ ದೆಸೆಯಿಂದ ಸುತ್ತಲಿನ ಹಳ್ಳಿಗಳವರು ಅವನನ್ನು ಹಲ್ಲುನೋವಿನ ದೇವರು ಎಂದುಕೊಂಡು, ದವಡೆ ಹಿಡಿದುಕೊಂಡು ಬಂದು ಕೈಮುಗಿದು ಹೋಗುತ್ತಾರೆ. ಕೆಲವರಿಗೆ ನೋವು ಕಡಿಮೆಯೂ ಆಗುತ್ತದಂತೆ. ಪಟ್ಟಣದಿಂದ ಬಂದಿದ್ದ ಪಂಡಿತರೊಬ್ಬರು ಕುದುರೆಯ ತಲೆಯ ಮೇಲಿನದು ಪೇಟವಲ್ಲ, ಜುಟ್ಟು ಎಂದು ಹೇಳಿ, ಊರಿನವರು ಕೊಟ್ಟ ಮಜ್ಜಿಗೆ ಕುಡಿದು ಹೋದರು. ಊರಿನವರು ಎದುರು ಮಾತಾಡಲಿಲ್ಲ. ಅದು ಪೇಟವೇ ಎಂಬುದು ಅವರಿಗೆ ಗೊತ್ತಿತ್ತು.

ಹಿಂದೆ ಒಮ್ಮೆ, ಗುಡ್ಡಕ್ಕೊಬ್ಬ ಪಾಳೆಯಗಾರನಿದ್ದ ಕಾಲದಲ್ಲಿ, ಹುರುಳಿಗುಡ್ಡವನ್ನು ಸೂರಪ್ಪನಾಯಕ ಎಂಬುವನು ಆಳುತ್ತಿದ್ದ. ಅವನ ಮೀಸೆ ನೋಡಿದವರು ಹೆದರುತ್ತಿದ್ದರು, ಮಾತಾಡಿಸಿದವರು ಊಟ ಮಾಡಿಕೊಂಡೇ ಹೋಗುತ್ತಿದ್ದರು ಎನ್ನುತ್ತಾರೆ. ಬೆಕ್ಕು ಮಡಿಲಲ್ಲಿ ಮಲಗಿದೆ ಎಂದು ಒಂದು ಮಧ್ಯಾಹ್ನವೆಲ್ಲ ಸಿಂಹಾಸನದಿಂದ ಏಳದೆ ಇದ್ದ ದೊರೆ ಅವನು. ಅವನ ಕುದುರೆಯ ಹೆಸರು ಗಾಳಿರಾಯ. ಈ ಗಾಳಿರಾಯ ಒಂದೇ ಒಂದು ಯುದ್ಧ ನೋಡಿತ್ತು, ಅದನ್ನೂ ಪೂರ್ತಿ ನೋಡಿರಲಿಲ್ಲ. ವೈರಿಯ ನಗಾರಿ ಬಡಿದದ್ದೇ ತಡ, ಅದು ನಾಯಕನನ್ನು ಹೊತ್ತುಕೊಂಡು ಹಿಂದಕ್ಕೆ ತಿರುಗಿ ಕೋಟೆ ಬಾಗಿಲವರೆಗೆ ಒಂದೇ ಓಟ ಓಡಿತು. ದೊರೆ ಹೀಗೆ ಏಕಾಏಕಿ ಹಿಂದೆ ಸರಿದನೆಂದರೆ ಪೊದೆಗಳಲ್ಲಿ ಎಲ್ಲೋ ಸೈನ್ಯ ಅಡಗಿರಬೇಕು ಎಂದುಕೊಂಡು ವೈರಿಯೂ ಹಿಂದಕ್ಕೆ ಓಡಿದ. ಹೀಗೆ ಹುರುಳಿಗುಡ್ಡ ಗೆದ್ದಿತು. ಅಂದಿನಿಂದ ನಾಯಕನಿಗೆ ಗಾಳಿರಾಯನೆಂದರೆ ಪಂಚಪ್ರಾಣ. ತಾನು ಎಲೆ ಹಾಕಿಕೊಳ್ಳುವಾಗ ಅರ್ಧ ಎಲೆಯನ್ನು ಅದರ ಬಾಯಿಗಿಡುವುದು ಮರಿಯಾಗಿದ್ದಾಗಿನಿಂದ ಅವನು ಮಾಡಿಸಿದ್ದ ರೂಢಿ. ಎಲೆಡಬ್ಬಿಯ ಮುಚ್ಚಳದ ಸದ್ದು ಕೇಳಿದರೆ ಸಾಕು, ಲಾಯದ ಯಾವ ಮೂಲೆಯಲ್ಲಿದ್ದರೂ ಅದರ ಕಿವಿ ನಿಮಿರುತ್ತಿತ್ತು.

ಅಂಥ ಗಾಳಿರಾಯ ಒಂದು ಮಳೆಗಾಲದಲ್ಲಿ ಕೋಟೆಯ ಮೆಟ್ಟಿಲ ಮೇಲೆ ಜಾರಿ ಮುಂಗಾಲು ಮುರಿದುಕೊಂಡಿತು. ಮೂಳೆ ಕೂಡಿತು, ನಡಿಗೆ ಕೂಡಲಿಲ್ಲ. ಲಾಯ ನೋಡಿಕೊಳ್ಳುತ್ತಿದ್ದ ಮೀರಾಸಾಬಿ ಹರಳೆಣ್ಣೆ ಕಾಯಿಸಿ ಹಾಕಿದ, ಲಕ್ಕಿಸೊಪ್ಪಿನ ಶಾಖ ಕೊಟ್ಟ, ಬರೆ ಎಳೆದ, ದರ್ಗಾಕ್ಕೂ ಹರಕೆ ಹೊತ್ತ, ಮಾರಮ್ಮನಿಗೂ ಹರಕೆ ಹೊತ್ತ. ಎಲ್ಲದಕ್ಕೂ ಕಾಲು ನಾಲ್ಕು ದಿನ ಮರ್ಯಾದೆ ಕೊಟ್ಟು ಮತ್ತೆ ಊದಿಕೊಳ್ಳುತ್ತಿತ್ತು. ಹೀಗೇ ವರ್ಷಗಳು ಕಳೆದವು. ಒಂದು ಕಾಲು ಸೋತ ಭಾರ ಇನ್ನೊಂದು ಕಾಲಿಗೆ ಬಿದ್ದು ಆ ಗೊರಸೂ ಕೆಟ್ಟಿತು. ಕೊನೆಗೆ ಒಂದು ದಿನ ಮೀರಾಸಾಬಿ ತಲೆ ತಗ್ಗಿಸಿಕೊಂಡು ಬಂದು, "ಬುದ್ಧೀ, ನನ್ನ ಕೈಲಿರೋದೆಲ್ಲ ಮಾಡಿದೀನಿ. ಇನ್ನು ಅದನ್ನ ನೋವಿನಿಂದ ಬಿಡಿಸೋದೊಂದೇ ಬಾಕಿ" ಎಂದ. ಬಿಡಿಸುವುದು ಎಂದರೇನು ಎಂದು ನಾಯಕ ಕೇಳಲಿಲ್ಲ. ಕೇಳಿದರೆ ಅವನು ಹೇಳಿಬಿಡುತ್ತಾನೆ ಎಂದು ಅವನಿಗೆ ಭಯವಿತ್ತು.

ಅಲ್ಲಿಂದ ಮುಂದೆ ನಾಯಕನ ತಲೆಯೆಲ್ಲ ಓಡಿದ್ದು ಒಂದೇ ದಿಕ್ಕಿಗೆ: ಕುದುರೆಯ ನೋವೂ ಹೋಗಬೇಕು, ತಾನು ಏನನ್ನೂ ಹೇಳಲೂ ಬಾರದು. ಮೊದಲು ದಳವಾಯಿ ಕೆಂಚಣ್ಣ ಒಂದು ದಾರಿ ತೋರಿಸಿದ. ಕುದುರೆಯನ್ನು ಕಾಡಂಚಿಗೆ ಬಿಟ್ಟುಬಂದರೆ ಮುಂದಿನದು ಕಾಡಿನ ಇಷ್ಟ. ಹುಲಿ ಮಾಡಿದ್ದಕ್ಕೆ ದೊರೆ ಹೊಣೆಯಲ್ಲ. ನಾಯಕ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ಕೆಮ್ಮಿದ. ಕೆಂಚಣ್ಣ ಅದನ್ನೇ ಅಪ್ಪಣೆ ಎಂದುಕೊಂಡು ಕುದುರೆಯನ್ನು ನಡೆಸಿಕೊಂಡು ಹೋಗಿ, ಕಾಡಿನಲ್ಲಿ ಬಿಟ್ಟು, ಬರುವ ದಾರಿಯಲ್ಲಿ ಈಚಲುವನ ಕಂಡು ಹೆಂಡ ಕುಡಿಯುತ್ತ ಸ್ವಲ್ಪ ಕೂತ. ಅವನು ಕೋಟೆಗೆ ಮರಳಿದಾಗ ಗಾಳಿರಾಯ ಆಗಲೇ ಬಾಗಿಲಲ್ಲಿ ನಿಂತು ಅವನ ದಾರಿಯನ್ನೇ ನೋಡುತ್ತಿತ್ತು. ಕುಂಟ ಕುದುರೆಯ ಹಿಂದೆ ಮನೆ ಸೇರಿದ ದಳವಾಯಿ ಎಂದು ಹೆಂಗಸರು ಬಾವಿಕಟ್ಟೆಯಲ್ಲಿ ಬಹಳ ಕಾಲ ನಕ್ಕರಂತೆ. ಆದರೆ ಆ ನಡಿಗೆಗೆ ಅದರ ಕಾಲು ಕಂಬದಷ್ಟು ಊದಿತ್ತು. ನಾಯಕ ತಾನೇ ಶಾಖದ ಬಟ್ಟೆ ಹಿಡಿದು ಕೂತು, ಕೆಂಚಣ್ಣನ ಮುಖ ಕಂಡಾಗಲೆಲ್ಲ ಬೈದ.

ಆಮೇಲೆ ಪ್ರಧಾನಿ ನರಸಪ್ಪಯ್ಯನವರ ಸರದಿ. ಅವರು ಹುಲಿಯ ಮಾತೆತ್ತುವವರಲ್ಲ. ಕುದುರೆಯನ್ನು ಮಠಕ್ಕೆ ದಾನ ಕೊಟ್ಟರೆ ಪುಣ್ಯವೂ ಬಂತು, ಕಣ್ಣೆದುರಿನಿಂದ ಸಂಕಟವೂ ಹೋಯಿತು ಎಂದರು. ಗಾಳಿರಾಯನನ್ನು ಗಾಡಿಯ ಮೇಲೆ ಹುಲ್ಲುಹಾಸಿ ಮೆರವಣಿಗೆಯಲ್ಲಿ ಕಳಿಸಿಕೊಟ್ಟರು. ಮಠದ ಸ್ವಾಮಿಗಳು ಸಂತೋಷದಿಂದಲೇ ಬರಮಾಡಿಕೊಂಡರು. ಆದರೆ ಎಲೆಯ ರುಚಿ ಕಂಡ ಬಾಯಿ ಹುಲ್ಲಿಗೆ ಒಗ್ಗಲಿಲ್ಲ. ಅಂಗಳದ ಬಿಲ್ವದ ಮರದಲ್ಲಿ ಕುದುರೆಯ ಕತ್ತು ಎಟುಕುವಷ್ಟು ಎತ್ತರಕ್ಕೆ ಒಂದೆಲೆಯೂ ಉಳಿಯದೆ, ಪೂಜೆಗೆ ಏಣಿ ಹಾಕಿ ಪತ್ರೆ ಕೊಯ್ಯುವ ಸ್ಥಿತಿ ಬಂದಾಗ ಸ್ವಾಮಿಗಳು ಗಾಳಿರಾಯನಿಗೆ ಶಾಲು ಹೊದಿಸಿ, ಇಂಥ ಶಿವಭಕ್ತನನ್ನು ಇಟ್ಟುಕೊಳ್ಳುವ ಯೋಗ್ಯತೆ ನಮ್ಮ ಮಠಕ್ಕಿಲ್ಲ ಎಂದು ಅದೇ ಗಾಡಿಯಲ್ಲಿ ವಾಪಸು ಕಳಿಸಿದರು. ಶಾಲು ಹೊದ್ದು ಬಂದ ಕುದುರೆಯನ್ನು ಕಂಡು ಊರೆಲ್ಲ ನಕ್ಕಿತು. ನಾಯಕನೂ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ. ಮೀರಾಸಾಬಿ ಮಾತ್ರ ನಗಲಿಲ್ಲ. "ಕಾಡಿಗೆ ಕಳಿಸಿದ್ರಿ, ಮಠಕ್ಕೆ ಕಳಿಸಿದ್ರಿ. ನೋವು ಅದರ ಜೊತೇಲೇ ಹೋಗಿ ಅದರ ಜೊತೇಲೇ ಬಂತಲ್ಲ, ಬುದ್ಧೀ" ಎಂದ.

ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಹುರುಳಿಗುಡ್ಡದಲ್ಲಿ ಜೀವ ತೆಗೆಯುವ ಅಪ್ಪಣೆಯನ್ನು ಯಾವ ನಾಯಕನೂ ಬಾಯಿಂದ ಕೊಡುತ್ತಿರಲಿಲ್ಲ. ಹಿಂದೆ ಯಾರೋ ಒಬ್ಬ ನಾಯಕ ಸಿಟ್ಟಿನ ಭರದಲ್ಲಿ ಒಂದು ಮಾತು ಆಡಿ, ಮರುಗಳಿಗೆಗೆ ಬೇಡವೆಂದು ಓಡಿಬರುವಷ್ಟರಲ್ಲಿ ಮಾತು ನಡೆದುಹೋಗಿತ್ತಂತೆ. ಅಂದಿನಿಂದ ಬೆಳ್ಳಿಯ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಆಗಬೇಕಾದ ಕೆಲಸವನ್ನು ಎಲ್ಲರೆದುರು ಸಾರುವುದು ಸಂಪ್ರದಾಯ. ಇದಕ್ಕೆ ವೀಳ್ಯವಿಡುವುದು ಎನ್ನುತ್ತಿದ್ದರು. ಯಾರನ್ನೂ ಬಲವಂತ ಮಾಡುವಂತಿಲ್ಲ. ವೀಳ್ಯ ಎತ್ತಿಕೊಂಡವನೇ ಆ ಕೆಲಸ ಮಾಡಬೇಕು. ಒಮ್ಮೆ ಎತ್ತಿಕೊಂಡ ಮೇಲೆ ಇನ್ನೊಬ್ಬ ಅದಕ್ಕೆ ಕೈಹಾಕುವಂತಿಲ್ಲ. ಅವನಿಗೆ ಅರಮನೆಯಿಂದ ಪೇಟ, ಅರಮನೆಯ ಪಂಕ್ತಿಯಲ್ಲಿ ಊಟ.

ಕೋಟೆಯೊಳಗೆ ಬೇಡವೆಂದು ಕೆರೆಯ ಪಕ್ಕದ ದಿಣ್ಣೆಯ ಮೇಲೆ ವೀಳ್ಯದ ತಟ್ಟೆ ಇಟ್ಟರು. ಬೆಳಗಿನ ಬಿಸಿಲು ಕಾಯಲು ಗಾಳಿರಾಯ ದಿನಾ ಅಲ್ಲಿಗೇ ಬರುತ್ತಿತ್ತು, ಅಂದೂ ಬಂದಿತ್ತು. ಪ್ರಧಾನಿ ಸಾರಿದರು. ಯಾರೂ ಏಳಲಿಲ್ಲ. ಎಲ್ಲರ ಕಣ್ಣೂ ದಳವಾಯಿಯ ಕಡೆ ತಿರುಗಿತು. ಕೆಂಚಣ್ಣ ತನ್ನ ಬಲಭುಜವನ್ನು ನೀವಿಕೊಳ್ಳುತ್ತ, ಮೊನ್ನೆಯಿಂದ ವಾಯು ಹಿಡಿದಿದೆ, ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಎತ್ತಿಕೊಂಡುಬಿಡುತ್ತಿದ್ದೆ ಎಂದ. ನರಸಪ್ಪಯ್ಯನವರು ಯಾರೂ ತಮ್ಮ ಕಡೆ ನೋಡುವ ಮೊದಲೇ, ನಮ್ಮದೇನಿದ್ದರೂ ಮಂತ್ರ ಹೇಳುವ ಬಾಯಿ ಎಂದರು. ಇಷ್ಟಕ್ಕೆಲ್ಲ ಕಾರಣನಾದ ಮೀರಾಸಾಬಿಗೆ ಇದ್ದಕ್ಕಿದ್ದಂತೆ ಎಲ್ಲಿಲ್ಲದ ಕೆಮ್ಮು ಬಂದು, ಅವನು ಬೇಲಿಯಾಚೆ ಹೋಗಿ ನಿಂತ. ಗಾಳಿರಾಯ ಹುಟ್ಟಿದಾಗ ತೋಳಲ್ಲಿ ಹಿಡಿದವನು ಅವನೇ. ನಾಯಕನೋ ಕಾಲ ಹೆಬ್ಬೆರಳನ್ನೇ ನೋಡುತ್ತ ಕೂತಿದ್ದ. ಯಾರಾದರೂ ಏಳಲಿ ಎಂದು ಒಂದು ಮನಸ್ಸು, ಎದ್ದವನ ಕಾಲು ಮುರಿಯಬೇಕೆಂದು ಇನ್ನೊಂದು ಮನಸ್ಸು.

ಎದ್ದವರು ಯಾರೂ ಇಲ್ಲ. ನಿಂತಿದ್ದ ಗಾಳಿರಾಯ ಬಂತು. ನಾಯಕನ ಮುಂದೆ ಎಲೆ ಇದೆ, ತನಗಿನ್ನೂ ಬಂದಿಲ್ಲ ಎಂಬುದಷ್ಟೇ ಅದಕ್ಕೆ ತಿಳಿದದ್ದು. ಕುಂಟುತ್ತ ಕುಂಟುತ್ತ ಸಭೆಯ ನಡುವೆ ನಡೆದು, ತಟ್ಟೆಗೆ ಮೂತಿ ಹಾಕಿ, ಅಷ್ಟೂ ಎಲೆಗಳನ್ನು ಬಾಯಿಗೆ ತೆಗೆದುಕೊಂಡು, ಅಡಿಕೆಯನ್ನು ಮಾತ್ರ ಹೊರಗೆ ತಳ್ಳಿ, ಎಲ್ಲರ ಮುಖ ನೋಡುತ್ತ ಅಗಿಯತೊಡಗಿತು. ಕೆರೆಯ ಕಪ್ಪೆಗಳೂ ಸುಮ್ಮನಾದವು ಎನ್ನುತ್ತಾರೆ. ನರಸಪ್ಪಯ್ಯನವರು ಶಾಸ್ತ್ರ ಬಲ್ಲವರು. ಗಂಟಲು ಸರಿಮಾಡಿಕೊಂಡು ಎದ್ದು ನಿಂತರು. "ವೀಳ್ಯ ಎತ್ತಿದವರು ಯಾರು? ಗಾಳಿರಾಯ. ಎತ್ತಿದ್ದನ್ನು ಎಲ್ಲರೂ ಕಂಡಿದ್ದೀರಿ. ಎರಡು ಕಾಲಿನವರೇ ಎತ್ತಬೇಕು ಅಂತ ಸಂಪ್ರದಾಯದಲ್ಲಿ ಎಲ್ಲೂ ಇಲ್ಲ. ಆದ್ದರಿಂದ ಈ ಕೆಲಸ ಇನ್ನು ಗಾಳಿರಾಯನದೇ. ಯಾವಾಗ ಮಾಡಬೇಕು ಅನ್ನೋದೂ ಅದರ ಇಷ್ಟ. ಬೇರೆ ಯಾರೂ ಕೈಹಾಕುವಂತಿಲ್ಲ." ಸಭೆ ಒಂದೇ ಸಮನೆ ಹೋ ಎಂದಿತು. ಕೆಂಚಣ್ಣನ ಭುಜದ ವಾಯು ಅಲ್ಲೇ ವಾಸಿಯಾಗಿ ಅವನು ಎರಡೂ ಕೈಯೆತ್ತಿ ಕುಣಿದ. ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಸೂರಪ್ಪನಾಯಕ. ಪ್ರಧಾನಿಗೆ ಕೈಯ ಕಡಗವನ್ನೇ ಬಿಚ್ಚಿ ಕೊಟ್ಟ.

ಸಂಪ್ರದಾಯವೆಂದ ಮೇಲೆ ಪೂರ್ತಿ ನಡೆಸಬೇಕು. ಗಾಳಿರಾಯನಿಗೆ ಕಿವಿಗಳಿಗೆ ಜಾಗ ಬಿಟ್ಟು ಕೆಂಪು ಪೇಟ ಸುತ್ತಿದರು. ಅರಮನೆಯ ಪಂಕ್ತಿಯ ಕೊನೆಯಲ್ಲಿ ಅದಕ್ಕೆ ಬೇಯಿಸಿದ ಹುರುಳಿ ಬಡಿಸಿದರು. ವೀಳ್ಯ ಹಿಡಿದವನಿಗೆ ದಳವಾಯಿಯೂ ತಲೆಬಾಗಬೇಕಾದ್ದರಿಂದ ಕೆಂಚಣ್ಣ ಲಾಯದ ಮುಂದೆ ಹಾದುಹೋಗುವಾಗಲೆಲ್ಲ ನಮಸ್ಕಾರ ಹಾಕುತ್ತಿದ್ದ. ಕೆಲವು ದಿನ ಕಳೆದ ಮೇಲೆ ಸುತ್ತು ದಾರಿ ಹಿಡಿದ. ಪ್ರತಿದಿನ ಬೆಳಿಗ್ಗೆ ಅರಮನೆಯ ಓಲೆಕಾರ ಬಂದು, "ಇವತ್ತು ಮನಸ್ಸಿದೆಯೇ?" ಎಂದು ಶಾಸ್ತ್ರಕ್ಕೆ ಕೇಳುವನು. ಗಾಳಿರಾಯ ನೊಣ ಓಡಿಸಲು ತಲೆ ಕೊಡವುವುದು. ಇವತ್ತಿಲ್ಲವಂತೆ ಎಂದು ಓಲೆಕಾರ ಅರಮನೆಗೆ ಸುದ್ದಿ ಒಯ್ಯುವನು. ನಾಯಕ ನಿಶ್ಚಿಂತೆಯಿಂದ ಊಟಕ್ಕೆ ಕೂರುವನು.

ಹೀಗೆ ಮಳೆಗಾಲ ಕಳೆದು ಮಾಗಿಯ ಚಳಿ ಬಂತು. ಗಾಳಿರಾಯ ಪಂಕ್ತಿಗೆ ಬರುವುದು ನಿಂತಿತು, ದಿಣ್ಣೆಗೆ ಬರುವುದೂ ನಿಂತಿತು. ಮಲಗಿದರೆ ಏಳಲಾಗದು, ನಿಂತರೆ ನಿಲ್ಲಲಾಗದು. ಮಲಗಿ ಮಲಗಿ ಪಕ್ಕೆಯಲ್ಲಿ ಹುಣ್ಣಾಯಿತು. ನೊಣಗಳಿದ್ದರೂ ತಲೆ ಕೊಡವುವ ಶಕ್ತಿ ಅದಕ್ಕಿರಲಿಲ್ಲ. ಆದರೂ ಓಲೆಕಾರ ಮಾತ್ರ, ಯಾರು ತಾನೇ ಬೇರೆ ಸುದ್ದಿ ಒಯ್ಯುತ್ತಾರೆ, ಇವತ್ತಿಲ್ಲವಂತೆ ಎಂದೇ ಹೇಳುತ್ತಿದ್ದ. ನಾಯಕನಿಗೆ ಗೊತ್ತಾಗದೆ ಇರಲಿಲ್ಲ. ಗೊತ್ತಿದ್ದುದರಿಂದಲೇ ಅವನು ಲಾಯದ ಕಡೆ ಹೋಗುವುದನ್ನು ಬಿಟ್ಟಿದ್ದ. ಎಲೆ ಹಾಕಿಕೊಳ್ಳುವಾಗ ಡಬ್ಬಿಯ ಮುಚ್ಚಳವನ್ನು ಸದ್ದಾಗದಂತೆ, ಕಳ್ಳನ ಹಾಗೆ ತೆಗೆಯುವುದನ್ನು ಕಲಿತಿದ್ದ.

ನಾಯಕನ ತಾಯಿ ಬೊಮ್ಮವ್ವನಿಗೆ ಮೊಣಕಾಲ ನೋವು. ಅರಮನೆಯ ವೈದ್ಯನ ಲೇಹ್ಯವೆಲ್ಲ ಬೇಸರವಾಗಿ, ಕುದುರೆಗೆಂದು ಮೀರಾಸಾಬಿ ಕಾಯಿಸುವ ಹರಳೆಣ್ಣೆಯೇ ವಾಸಿ ಎಂದು ಆಕೆ ದಿನಾ ಲಾಯಕ್ಕೆ ಹೋಗಿ ಗಾಳಿರಾಯನ ಪಕ್ಕದಲ್ಲೇ ಹುಲ್ಲಿನ ಮೇಲೆ ಕಾಲುಚಾಚಿ ಕೂರುತ್ತಿದ್ದಳು. ಒಂದು ಬೆಳಿಗ್ಗೆ ಆಕೆ ಎಣ್ಣೆಗಾಲಿನಲ್ಲೇ ಕೋಲೂರಿಕೊಂಡು ನೇರ ಮಗನ ಮುಂದೆ ಬಂದು ನಿಂತಳು.

"ನನ್ನ ಕಾಲಿಗೂ ಅದರ ಕಾಲಿಗೂ ಒಂದೇ ಎಣ್ಣೆ ಕಣಪ್ಪ. ನನಗೆ ಬಾಯಿದೆ, ನೋವಾದಾಗ ನಿನ್ನ ಬೈತೀನಿ. ಅದಕ್ಕೇನಿದೆ?"

"ಏನು ಮಾಡ್ಲವ್ವ? ವೀಳ್ಯ ತಗೊಂಡವರ ಕೆಲಸಕ್ಕೆ ಇನ್ನೊಬ್ಬರು ಕೈಹಾಕೋ ಹಾಗಿಲ್ಲ. ನರಸಪ್ಪಯ್ಯನೋರು..."

"ನರಸಪ್ಪಯ್ಯನ ಸುದ್ದಿ ಹಂಗಿರ್ಲಿ. ಅದು ಸಾಯೋಕೆ ಅಂತ ಎಲೆ ತಗೊಂತಾ? ನಿನ್ನ ತಟ್ಟೇಲಿತ್ತು, ನೀನೇ ಕೊಟ್ಟೆ ಅನ್ಕೊಂಡು ತಗೊಂತು. ಈಗ ದಿನಾ ಬಾಗಿಲ ಕಡೆ ಮುಖ ಮಾಡ್ಕೊಂಡು ಬಿದ್ದಿರ್ತದೆ. ಕುದುರೆ ಎಲೆ ತಿಂತು, ನೀನು ಮಾತು ತಿಂದೆ. ಊರೆಲ್ಲ ಸೇರಿ ಹೊಟ್ಟೆತುಂಬ ನಕ್ಕಿರಿ."

ತಾನು ದಯವಂತ ಎಂದು ಸೂರಪ್ಪನಾಯಕ ಹುಟ್ಟಿದಾಗಿನಿಂದ ನಂಬಿದ್ದ. ತನ್ನ ದಯೆಯೆಲ್ಲ ತನ್ನ ಮೇಲೆಯೇ ಇತ್ತೆಂಬುದು ಅಂದು, ಎಣ್ಣೆ ಮೆತ್ತಿದ ಆ ಮುದಿ ಕಾಲುಗಳನ್ನು ನೋಡುತ್ತ ನಿಂತಾಗ ಅವನಿಗೆ ಹೊಳೆಯಿತು. ಅವನು ಎಲೆಡಬ್ಬಿ ಎತ್ತಿಕೊಂಡು ಲಾಯಕ್ಕೆ ನಡೆದ. ಬಾಗಿಲಲ್ಲಿ ನಿಂತು ಮುಚ್ಚಳವನ್ನು ಟಪ್ಪೆಂದು ತೆಗೆದ. ಬಿದ್ದಲ್ಲಿಂದ ಏಳಲಾರದ ಗಾಳಿರಾಯನ ಕಿವಿಗಳು ನಿಮಿರಿದವು.

ಅಂದೇ ಅದನ್ನು ಜಮಖಾನದ ಜೋಲಿಯಲ್ಲಿ ಹೊತ್ತು ದಿಣ್ಣೆಯ ಮೇಲೆ ಬಿಸಿಲಿಗೆ ತಂದು ಮಲಗಿಸಿದರು. ಹೆಗಲು ಕೊಟ್ಟವರಲ್ಲಿ ಕೆಂಚಣ್ಣನೂ ಇದ್ದ, ವಾಯುವಿದ್ದ ಭುಜವನ್ನೇ ಕೊಟ್ಟಿದ್ದ. ಮೀರಾಸಾಬಿ ಬೆಲ್ಲದುಂಡೆಯಲ್ಲಿ ಅಫೀಮು ಕಲಸಿ ತಿನ್ನಿಸಿದ. ಈ ಸಲ ಕೆಮ್ಮಲಿಲ್ಲ, ಅಳುತ್ತಿದ್ದ. ನಾಯಕ ಮಣ್ಣಿನಲ್ಲಿ ಕೂತು ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಪೇಟ ಸಡಿಲವಾಗಿ ಕಣ್ಣಿನ ಮೇಲೆ ಜಾರಿತ್ತು, ಅದನ್ನು ಸರಿಪಡಿಸಿದ. ನರಸಪ್ಪಯ್ಯನವರು ತಟ್ಟೆ ತಂದಿಟ್ಟು, ಕಟ್ಟಳೆಯನ್ನು ನೆನಪಿಸಬೇಕೋ ಬೇಡವೋ ಎಂದು ಬಾಯಿ ತೆರೆದು ಮುಚ್ಚಿದರು. ನಾಯಕ ಒಂದು ಎಲೆ ತೆಗೆದು, ಗಾಳಿರಾಯನಿಗೆ ಸುಣ್ಣ ಸೇರದೆಂದು ಬರಿಯ ಎಲೆಯನ್ನೇ ಎರಡಾಗಿ ಸೀಳಿ, ಅರ್ಧವನ್ನು ಅದರ ಬಾಯಿಗಿಟ್ಟ. ಇನ್ನರ್ಧವನ್ನು ಎಲ್ಲರಿಗೂ ಕಾಣುವಂತೆ ಹಿಡಿದು ತನ್ನ ಬಾಯಿಗೆ ಹಾಕಿಕೊಂಡ. ಆಗ ಎಲ್ಲರಿಗೂ ಅರ್ಥವಾಯಿತು. ದೊರೆ ತಾನೇ ಇಟ್ಟ ವೀಳ್ಯವನ್ನು ತಾನೇ ಎತ್ತಿಕೊಂಡಿದ್ದ.

"ಇದು ನನ್ನ ಪಾಲಿನದು ಕಣೋ ರಾಯ. ಸುಮ್ನೆ ನಿನ್ನ ತಲೆಗೆ ಕಟ್ಟಿದ್ದೆ" ಎಂದನಂತೆ.

ಕುದುರೆ ಎಲೆಯನ್ನು ನಿಧಾನವಾಗಿ ಅಗಿಯಿತು. ಅಗಿಯುವುದು ನಿಂತು ನಿದ್ದೆ ಹತ್ತಿದಾಗ ಮೀರಾಸಾಬಿ ಕಿವಿಯ ಹಿಂದೆ ಬೆರಳಿಟ್ಟು ಜಾಗ ತೋರಿಸಿದ. ನಾಯಕ ತಾನೇ ಅಲ್ಲಿಗೆ ಬಾಕು ಇಳಿಸಿದ. ಬಾಯಲ್ಲಿದ್ದ ಅರ್ಧ ಎಲೆಯನ್ನು ನುಂಗಲೂ ಆಗದೆ ಉಗಿಯಲೂ ಆಗದೆ ಅವನು ಸಂಜೆಯವರೆಗೆ ಹಾಗೇ ಕೆನ್ನೆಯಲ್ಲಿಟ್ಟುಕೊಂಡು ಆ ದಿಣ್ಣೆಯ ಮೇಲೆ ಕೂತಿದ್ದ. ಬೊಮ್ಮವ್ವ ಬಂದು ಪಕ್ಕದಲ್ಲಿ ಕಾಲುಚಾಚಿ ಕೂತಳು. ಆಕೆ ಅಂದು ಬೈಯಲಿಲ್ಲ.

ಅಲ್ಲಿಂದ ಮುಂದೆ ಹುರುಳಿಗುಡ್ಡದ ಕಟ್ಟಳೆಯೇ ಬದಲಾಯಿತು. ವೀಳ್ಯವಿಡುವ ನಾಯಕ ಮೊದಲು ಅರ್ಧ ಎಲೆಯನ್ನು ತನ್ನ ಬಾಯಿಗೆ ಹಾಕಿಕೊಂಡು, ಆ ಕೆಲಸ ಮುಗಿಯುವತನಕ ಜೊತೆಗೇ ನಿಲ್ಲಬೇಕು. ಹಾಗಾದ ಮೇಲೆ ಕಳ್ಳಕಾಕರಿಗೆ ಮರಣದ ಅಪ್ಪಣೆ ಕೊಡುವುದು ಎಷ್ಟು ಕಡಿಮೆಯಾಯಿತೆಂದರೆ, ಹುರುಳಿಗುಡ್ಡದಲ್ಲಿ ಸಿಕ್ಕಿಬೀಳುವುದೇ ಕ್ಷೇಮ ಎಂದು ದೂರದೂರದ ಕಳ್ಳರು ಬಂದು ನೆಲೆಸಿದರಂತೆ. ಈ ಮಾತನ್ನು ಪಕ್ಕದ ಊರಿನವರು ಹೇಳುತ್ತಾರೆ. ಹುರುಳಿಗುಡ್ಡದವರು ಇದನ್ನು ಒಪ್ಪುವುದಿಲ್ಲ, ಬಲವಾಗಿ ಅಲ್ಲಗಳೆಯುವುದೂ ಇಲ್ಲ.

ಕಲ್ಲು ಕಡೆದವನು ಕಂಡದ್ದನ್ನು ಕಂಡ ಹಾಗೇ ಕಡೆದ: ಪೇಟ, ಎಲೆ, ಉಬ್ಬಿದ ಕೆನ್ನೆ. ಹಲ್ಲುನೋವಿನವರು ಇಂದಿಗೂ ಬರುತ್ತಾರೆ, ಅವರನ್ನು ಯಾರೂ ತಡೆಯುವುದಿಲ್ಲ. ಆದರೆ ಊರಿನವರು ಅಲ್ಲಿಗೆ ಬರುವುದು ಬೇರೆ ದಿನಗಳಲ್ಲಿ. ಕೊಟ್ಟಿಗೆಯ ಮುದಿ ಎತ್ತು ಏಳಲಾರದೆ ಮಲಗಿದಾಗ, ಸಾಕಿದ ನಾಯಿ ಅನ್ನ ನೀರು ಬಿಟ್ಟಾಗ, ಪಶುವೈದ್ಯರು ಮನೆಯ ಮುಂದೆ ನಿಂತು ಏನು ಮಾಡೋಣ ಹೇಳಿ ಎಂದಾಗ, ಮನೆಯ ಯಜಮಾನ ಒಬ್ಬನೇ ದಿಣ್ಣೆ ಹತ್ತಿ ಬರುತ್ತಾನೆ. ಸ್ವಲ್ಪ ಹೊತ್ತು ಕಲ್ಲಿನ ಮುಂದೆ ಕೂತು, ಎಲೆ ಸೀಳಿ ಇಟ್ಟು, ಎದ್ದು ಮನೆಯ ಕಡೆ ನಡೆಯುತ್ತಾನೆ. ದಾರಿಯಲ್ಲಿ ಅವನನ್ನು ಯಾರೂ ಮಾತಾಡಿಸುವುದಿಲ್ಲ. ನೋಡಲು ಬಂದವರು ಕಲ್ಲಿನ ಬುಡವನ್ನು ಗಮನಿಸಬೇಕು. ಅಲ್ಲಿ ಬಾಡಿದ ಎಲೆಗಳಿರುತ್ತವೆ, ಹೊಸ ಎಲೆಗಳೂ ಇರುತ್ತವೆ. ಒಂದೂ ಪೂರ್ತಿ ಎಲೆಯಲ್ಲ. ಉಳಿದರ್ಧ ಇಟ್ಟುಹೋದವನ ಬಾಯಲ್ಲಿರುತ್ತದೆ.